ಪೆಡಲ್‌ಬೋರ್ಡ್‌ನಿಂದ ಕೀಂಯ್ ಸದ್ದು ಬರ್ತಿದ್ರೆ ಮೊದಲು ಅಡಾಪ್ಟರ್ ನೋಡಿ

ಗಿಟಾರ್ ಗೆಳೆಯರೇ, ಶೋ ನಡುವೆ ಕೀಂಯ್ ಅಂತ ಸದ್ದು ಬಂದರೆ ಸುಮ್ನೆ ಪೆಡಲ್ (ಗಿಟಾರ್ ಸದ್ದು ಬದಲಿಸೋ, ಕಾಲಲ್ಲಿ ಒತ್ತೋ ಪೆಟ್ಟಿಗೆ) ಬದಲಾಯಿಸಬೇಡಿ. ಒಂದೇ ಅಡಾಪ್ಟರ್‌ಗೆ ಡೈಸಿ ಚೈನ್ (ಹಲವು ಪೆಡಲ್‌ಗಳಿಗೆ ಕರೆಂಟ್ ಹಂಚುವ ಒಂದೇ ವೈರ್) ಹಾಕಿ ಓವರ್‌ಡ್ರೈವ್ (ಸದ್ದನ್ನು ಒರಟಾಗಿಸೋ ಪೆಡಲ್), ಡಿಜಿಟಲ್ ಡಿಲೇ (ಪ್ರತಿಧ್ವನಿ ಕೊಡೋ ಪೆಡಲ್) ಎರಡನ್ನೂ ಓಡಿಸಿದರೆ, ಡಿಲೇ ಒಳಗಿನ ಚಿಪ್‌ನ ಗದ್ದಲ ಅದೇ ವೈರಿನಲ್ಲಿ ಓವರ್‌ಡ್ರೈವ್‌ಗೆ ಸೇರಬಹುದು, ಆಮೇಲೆ ಗೇನ್ (ಸಿಗ್ನಲ್ ಹಿಗ್ಗಿಸೋ ಮಟ್ಟ) ಏರಿಸಿದಷ್ಟೂ ಅದೂ ಏರುತ್ತೆ. ಓವರ್‌ಡ್ರೈವ್‌ಗೆ 9 ವೋಲ್ಟ್ ಬ್ಯಾಟರಿ ಹಾಕಿ, ಅಡಾಪ್ಟರ್ ಪಿನ್ ತೆಗೆದು ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಿತು ಅಲ್ವಾ?

ಪರಿಹಾರ ಐಸೊಲೇಟೆಡ್ ಪವರ್ ಸಪ್ಲೈ, ಅಂದ್ರೆ ಪ್ರತಿ ಪೆಡಲ್‌ಗೂ ಬೇರೆ ಬೇರೆಯಾಗಿ ಕರೆಂಟ್ ಕೊಡುವಂಥದ್ದು. ಬೆಲೆ ಜಾಸ್ತಿನೇ, ಆದರೆ ಹೊಸ ಪೆಡಲ್‌ಗಿಂತ ಮೊದಲು ಇದನ್ನೇ ತಗೊಳ್ಳಿ. ಪ್ರತಿ ಪೆಡಲ್‌ಗೆ ಎಷ್ಟು ಮಿಲಿಆಂಪ್ ಬೇಕು ನೋಡಿ. ಸಾದಾ ಓವರ್‌ಡ್ರೈವ್‌ಗೆ ಸುಮಾರು 10 ಸಾಕು, ದೊಡ್ಡ ಡಿಜಿಟಲ್ ರಿವರ್ಬ್ 300ರವರೆಗೂ ಕೇಳಬಹುದು. ಸಪ್ಲೈ ಅದಕ್ಕಿಂತ ಹೆಚ್ಚು ಕೊಡುವಂತಿದ್ದರೆ ತೊಂದರೆ ಇಲ್ಲ, ಕಡಿಮೆ ಆದರೆ ಕಷ್ಟ. ವೋಲ್ಟ್ ಮಾತ್ರ ಪೆಡಲ್ ಮೇಲೆ ಬರೆದಷ್ಟೇ ಇರಲಿ.

ಇನ್ನು ಆಂಪ್ ಅಂದ್ರೆ ಆಂಪ್ಲಿಫೈಯರ್ ವಿಷಯ: ಸಣ್ಣ ಆಂಪ್‌ ಅನ್ನು ನೆಲದ ಮೇಲಿಡದೆ ಗಟ್ಟಿ ಕುರ್ಚಿ ಮೇಲಿಟ್ಟು ಕಿವಿಯತ್ತ ವಾಲಿಸಿ, 15 ವ್ಯಾಟ್ ವಾಲ್ವ್ ಆಂಪ್ ಕೂಡ ಡ್ರಮ್ಸ್ ಪಕ್ಕ ಚೆನ್ನಾಗಿ ಕೇಳುತ್ತೆ. ಮತ್ತೊಂದು ಮಾತು, ಹಮ್ (ಗುಂಯ್ ಸದ್ದು) ನಿಲ್ಲಿಸೋಕೆ ಅಂತ ಆಂಪ್‌ನ ಅರ್ಥಿಂಗ್ ಪಿನ್ ಮಾತ್ರ ಯಾವತ್ತೂ ತೆಗೆಯಬೇಡಿ. ಒಂದು ಕೈ ಗಿಟಾರ್ ತಂತಿ ಮೇಲೆ, ತುಟಿ ಮೈಕ್ ಮೇಲೆ ಇದ್ದಾಗ ಶಾಕ್ ಹೊಡೆದರೆ ಜೀವಕ್ಕೇ ಅಪಾಯ.