ಫ್ಲಿಕ್ ಎಣಿಸುವುದನ್ನು ಬಿಟ್ಟ ಮೇಲೆ

ಓಟಕ್ಕೆ, ಜಿಮ್‌ಗೆ ನಾವೆಲ್ಲ ವರ್ಷದ ಯೋಜನೆ ಬರೆದಿಡುತ್ತೇವೆ. ಹಾಕಿಯ ಡ್ರ್ಯಾಗ್ ಫ್ಲಿಕ್, ಅಂದರೆ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿಗೆ ಎಸೆಯುವ ಹೊಡೆತದ ವಿಷಯಕ್ಕೆ ಬಂದರೆ ಮಾತ್ರ ಚೆಂಡಿನ ಬುಟ್ಟಿ ಸುರಿದು 'ನೂರು ಹೊಡೆ' ಎನ್ನುತ್ತೇವೆ. ನನ್ನ ಪಿಎಚ್.ಡಿ. ಹುಟ್ಟಿದ್ದೇ ಈ ಸಿಟ್ಟಿನಲ್ಲಿ. ಕೌಶಲಕ್ಕೂ ಭಾರ, ಏರಿಕೆ, ಬೇಸರಗಳ ಲೆಕ್ಕವಿಟ್ಟು ಯೋಜನೆ ಹಾಕಬಹುದೆಂದು ಕ್ರೀಡಾ ಸಂಶೋಧಕರಾದ ಫ್ಯಾರೋ ಮತ್ತು ರಾಬರ್ಟ್‌ಸನ್ 2017ರಲ್ಲೇ ಬರೆದಿದ್ದರು. ಅದನ್ನು ನಮ್ಮ ಟರ್ಫ್‌ಗೆ ಇಳಿಸುವುದಷ್ಟೇ ನನ್ನ ಕೆಲಸ.

ಮೊದಲ ಗೋಡೆ ಸಂಶೋಧನಾ ಸಮಿತಿ. 'ನಿಯಂತ್ರಣ ಗುಂಪು ಎಲ್ಲಿ?' ಎಂದರು, ಅಂದರೆ ಹೋಲಿಕೆಗೆಂದು ಹಳೆಯ ರೀತಿಯಲ್ಲೇ ಅಭ್ಯಾಸ ಮಾಡುವ ಗುಂಪು. ಒಂದು ತಂಡಕ್ಕೆ ಒಳ್ಳೆಯ ಫ್ಲಿಕ್ಕರ್ ಇರುವುದೇ ಇಬ್ಬರು. ಮೂವತ್ತು ಜನರನ್ನು ಎಲ್ಲಿಂದ ತರಲಿ? ಕೊನೆಗೆ ಪ್ರತಿಯೊಬ್ಬ ಆಟಗಾರನನ್ನೂ ಅವನ ಹಳೆಯ ಅಂಕಿಗಳ ಜೊತೆಗೇ ಹೋಲಿಸಿದೆ. ಹೊಸ ಯೋಜನೆಯನ್ನು ಒಬ್ಬೊಬ್ಬರಿಗೆ ಒಂದೊಂದು ವಾರದಲ್ಲಿ ಶುರು ಮಾಡಿದೆ. ಇದನ್ನು ಒಪ್ಪಿಸುವುದರಲ್ಲೇ ವರ್ಷ ಕಳೆಯಿತು.

ಎರಡನೆಯದು ದುಡ್ಡು. ಒಂದು ಫ್ಲಿಕ್ ಆಗಬೇಕಾದರೆ ಚೆಂಡು ತಳ್ಳುವವನು, ನಿಲ್ಲಿಸುವವನು, ಕೀಪರ್, ಫ್ಲಿಕ್ ತಡೆಯಲು ಗೋಲಿನ ಕಡೆಯಿಂದ ಓಡಿಬರುವ ರಶರ್ ಎಲ್ಲರೂ ಬೇಕು. ಫೆಲೋಶಿಪ್ ಅರ್ಧ ವರ್ಷ ತಡವಾಯಿತು. ಹುಡುಗರ ತಿಂಡಿ, ಪೆಟ್ರೋಲ್, ಟರ್ಫ್ ಬಾಡಿಗೆ ಎಂದು ಒಂದೂವರೆ ಲಕ್ಷದ ಹತ್ತಿರ ಕೈಯಿಂದ ಹೋಯಿತು. ಅದರಲ್ಲಿ ಶುದ್ಧ ದಂಡವೆಂದರೆ ಚೆಂಡಿನ ವೇಗ ಅಳೆಯುವ ರಾಡಾರ್ ಗನ್. ಗೋಲಿನ ಹಿಂದೆ ಇಟ್ಟರೆ ಬಲೆ ಅಲುಗಿ ಅಂಕಿ ಕೆಡುತ್ತದೆ, ಪಕ್ಕಕ್ಕೆ ಸರಿಸಿದರೆ ಕೋನದಿಂದಾಗಿ ವೇಗ ಕಡಿಮೆ ತೋರಿಸುತ್ತದೆ. ಅದನ್ನು ಪೆಟ್ಟಿಗೆಗೆ ಹಾಕಿ ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನಂತೆ ಚಿತ್ರೀಕರಿಸಿದೆ. ಹದಿನೈದು ಮೀಟರ್ ದೂರ, ಗಂಟೆಗೆ 110 ಕಿ.ಮೀ. ವೇಗ ಎಂದರೆ ಅರ್ಧ ಸೆಕೆಂಡ್, ಸುಮಾರು 120 ಫ್ರೇಮ್. ಎಣಿಕೆ ಎರಡು ಫ್ರೇಮ್ ತಪ್ಪಿದರೂ ವ್ಯತ್ಯಾಸ 2 ಕಿ.ಮೀ. ಮೀರದು.

ಇನ್ನು ವಿಧಾನ. ಫ್ಲಿಕ್‌ಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದೆ. ಚೆಂಡು ಒಮ್ಮೆ ಪುಟಿಯುತ್ತಾ ಬರುತ್ತದೆ, ಒಮ್ಮೆ ಗೇಣು ಆಚೆ ನಿಲ್ಲುತ್ತದೆ, ರಶರ್ ಯಾವ ದಾರಿ ಹಿಡಿಯುತ್ತಾನೋ ಫ್ಲಿಕ್ಕರ್‌ಗೆ ಗೊತ್ತಿರುವುದಿಲ್ಲ. ಪ್ರತಿ ಸುತ್ತಿನ ನಂತರ 'ತಲೆಗೆ ಎಷ್ಟು ಕೆಲಸವಾಯಿತು, ಹತ್ತಕ್ಕೆ ಹೇಳು' ಎಂದು ಕೇಳುತ್ತಿದ್ದೆ. ಹಳೆಯ ಅಭ್ಯಾಸಕ್ಕೆ ಎರಡೋ ಮೂರೋ ಬರುತ್ತಿತ್ತು. ಮೂರು ವಾರ ಅದನ್ನು ಏಳರವರೆಗೆ ಏರಿಸಿ, ನಾಲ್ಕನೆಯ ವಾರ ಇಳಿಸುವುದು. ಟೂರ್ನಿಯ ವಾರ ಮತ್ತೆ ಹಳೆಯ ಸರಳ ಫ್ಲಿಕ್. ರಶರ್‌ಗೆ ನಾನು ಕೊಡುತ್ತಿದ್ದ ಸನ್ನೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಆ ಹುಡುಗರಲ್ಲಿ ಕೆಲವರು ಈಗ ಎದುರಾಳಿ ತಂಡದಲ್ಲಿದ್ದಾರೆ.

ಮೊದಲ ತಿಂಗಳು ಅಭ್ಯಾಸದಲ್ಲಿ ಹತ್ತಕ್ಕೆ ಆರು ಗೋಲು ಹೊಡೆಯುತ್ತಿದ್ದವರು ನಾಲ್ಕಕ್ಕೆ ಇಳಿದರು. ಹಿರಿಯ ತರಬೇತುದಾರರೊಬ್ಬರು ಎಲ್ಲರ ಎದುರೇ 'ಏನಪ್ಪಾ, ಇದ್ದ ಫ್ಲಿಕ್ಕನ್ನೂ ಕೆಡಿಸುತ್ತಿದ್ದೀಯಲ್ಲ' ಎಂದರು. ನಾನು ಹೆದರಲಿಲ್ಲ. ಬೆರೆಸಿ ಮಾಡಿದ ಅಭ್ಯಾಸ ಆ ಹೊತ್ತಿಗೆ ಸೊರಗಿದಂತೆ ಕಂಡರೂ ಆಮೇಲೆ ಉಳಿಯುತ್ತದೆ ಎಂಬುದನ್ನು ಸಂಶೋಧಕರಾದ ಶಿಯಾ ಮತ್ತು ಮಾರ್ಗನ್ 1979ರಲ್ಲೇ ತೋರಿಸಿದ್ದಾರೆ. ಹತ್ತು ದಿನ ಸ್ಟಿಕ್ ಮುಟ್ಟಿಸದೆ ಪರೀಕ್ಷೆ ಇಟ್ಟೆ. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬಿಡುವಿಗೆ ಮುಂಚೆ ಇದ್ದಲ್ಲೇ ಇದ್ದರು. ಪಂದ್ಯಗಳಲ್ಲಿ ಆರೇಳು ಪೆನಾಲ್ಟಿ ಕಾರ್ನರ್‌ಗೆ ಒಂದು ಗೋಲು ಬರುತ್ತಿದ್ದದ್ದು ನಾಲ್ಕಕ್ಕೆ ಒಂದಾಯಿತು. ಸೊಂಟನೋವಿನ ದೂರು ಕಡಿಮೆಯಾದದ್ದು ಫಿಸಿಯೋಗೆ ಗೋಲಿಗಿಂತ ದೊಡ್ಡ ಸಂಗತಿ.

ನಡುವೆ ಇನ್ನೊಂದು ಆಟ ಆಡಿದ್ದೆ. ಚೆಂಡು ನಿಂತ ಕ್ಷಣಕ್ಕೆ ವಿಡಿಯೊ ಕತ್ತರಿಸಿ 'ಯಾವ ಮೂಲೆ?' ಎಂದು ಬಸ್ಸಿನಲ್ಲಿ ಹುಡುಗರನ್ನು ಕೇಳುತ್ತಿದ್ದೆ. ಮೊಬೈಲ್ ಮೇಲೆ ಎಲ್ಲರೂ ಪಂಡಿತರಾದರು, ಟರ್ಫ್ ಮೇಲೆ ಏನೂ ಬದಲಾಗಲಿಲ್ಲ. ಆ ಅಧ್ಯಾಯವನ್ನು ಮಹಾಪ್ರಬಂಧದಿಂದ ತೆಗೆಯಲು ಮಾರ್ಗದರ್ಶಕರು ಹೇಳಿದರೂ ನಾನು ಉಳಿಸಿಕೊಂಡಿದ್ದೇನೆ.

ಆ ಹಿರಿಯರು ಈಗ ತಮ್ಮ ಫ್ಲಿಕ್ಕರ್‌ನನ್ನು ವಾರಕ್ಕೆರಡು ಬಾರಿ ನನ್ನ ಬಳಿ ಕಳುಹಿಸುತ್ತಾರೆ. ಟರ್ಫ್ ಬಾಡಿಗೆಯನ್ನು ಮಾತ್ರ ಕಳುಹಿಸುವುದಿಲ್ಲ.