ಆಲ್ಫಾ-1 ಆಂಟಿಟ್ರಿಪ್ಸಿನ್: ಆ್ಯಂಟಿಬಾಡಿಯನ್ನು ನಂಬುವ ಮುನ್ನ ನಾನು ಮಾಡಿದ ಪರೀಕ್ಷೆ

ಯಕೃತ್ತಿನ ಜೀವಕೋಶಗಳು ಆಲ್ಫಾ-1 ಆಂಟಿಟ್ರಿಪ್ಸಿನ್ ಪ್ರೋಟೀನನ್ನು ಎಷ್ಟು ತಯಾರಿಸುತ್ತವೆ, ಅದರಲ್ಲಿ ಎಷ್ಟನ್ನು ಹೊರಗೆ ಸ್ರವಿಸುತ್ತವೆ ಎಂಬುದನ್ನು ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಜೆಲ್ಲಿನಲ್ಲಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ, ಮೆಂಬ್ರೇನ್ ಹಾಳೆಗೆ ವರ್ಗಾಯಿಸಿ, ಆ್ಯಂಟಿಬಾಡಿಯಿಂದ ಪಟ್ಟಿಯಾಗಿ ಗುರುತಿಸುವ ವಿಧಾನ) ಮೂಲಕ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಿಳಿ ರಕ್ತಕಣಗಳು ಬಿಡುಗಡೆ ಮಾಡುವ ಎಲಾಸ್ಟೇಸ್ ಎಂಬ ಪ್ರೋಟಿಯೇಸ್ (ಪ್ರೋಟೀನನ್ನು ಕತ್ತರಿಸುವ ಕಿಣ್ವ) ಶ್ವಾಸಕೋಶದ ಅಂಗಾಂಶವನ್ನು ಕೊರೆಯದಂತೆ ತಡೆಯುವುದು ಈ ಪ್ರೋಟೀನಿನ ಮುಖ್ಯ ಕೆಲಸ. ಆರೋಗ್ಯವಂತರ ರಕ್ತದಲ್ಲಿ ಇದು ಲೀಟರಿಗೆ ಸುಮಾರು 1ರಿಂದ 2 ಗ್ರಾಂನಷ್ಟಿರುತ್ತದೆ. ಇದರ ಕೊರತೆಯನ್ನು 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಗುರುತಿಸಿದ್ದು, ಕೆಲವು ರೋಗಿಗಳ ಸೀರಮ್ಮಿನ ಎಲೆಕ್ಟ್ರೊಫೊರೆಸಿಸ್‌ನಲ್ಲಿ ಇರಬೇಕಾದ ಒಂದು ಪಟ್ಟಿ ಕಾಣದೇ ಹೋದುದರಿಂದ. ಪಟ್ಟಿ ಇದೆಯೇ ಇಲ್ಲವೇ ಎಂಬುದರ ಮೇಲೆಯೇ ತೀರ್ಮಾನ ನಿಲ್ಲುವ ಇಂತಹ ವಿಷಯದಲ್ಲಿ, ಆ ಪಟ್ಟಿಯನ್ನು ತೋರಿಸುವ ಆ್ಯಂಟಿಬಾಡಿ ಏನನ್ನು ಹಿಡಿಯುತ್ತಿದೆ ಎಂಬುದು ನಮಗೆ ಖಚಿತವಾಗಿ ತಿಳಿದಿರಲೇಬೇಕು.

ನನ್ನ ಮುಂದೆ ಎರಡು ಆ್ಯಂಟಿಬಾಡಿಗಳಿದ್ದವು. ಒಂದು, ಮನುಷ್ಯರ ಪ್ಲಾಸ್ಮಾದಿಂದ ಶುದ್ಧೀಕರಿಸಿದ ಇಡೀ ಪ್ರೋಟೀನನ್ನು ಆಡಿಗೆ ಚುಚ್ಚಿ ಪಡೆದ ಪಾಲಿಕ್ಲೋನಲ್, ಅಂದರೆ ಪ್ರೋಟೀನಿನ ಹಲವು ಭಾಗಗಳನ್ನು ಹಿಡಿಯುವ ಆ್ಯಂಟಿಬಾಡಿಗಳ ಮಿಶ್ರಣ. ಇನ್ನೊಂದು, ಪ್ರೋಟೀನಿನ ಸಿ-ತುದಿಯ (ಅಮೈನೊ ಆಮ್ಲ ಸರಪಳಿಯ ಕೊನೆಯ ತುದಿಯ) ಒಂದು ಪೆಪ್ಟೈಡ್ ತುಣುಕಿನ ವಿರುದ್ಧ ಮೊಲದಲ್ಲಿ ತಯಾರಿಸಿದ್ದು. ಮೊದಲ ಹಂತದ ಪರೀಕ್ಷೆಯನ್ನು ಎಲ್ಲರೂ ಮಾಡುವಂತೆಯೇ ಮಾಡಿದೆ. ಈ ಪ್ರೋಟೀನನ್ನು ಸಹಜವಾಗಿಯೇ ತಯಾರಿಸುವ ಹೆಪ್-ಜಿ2 ಕೋಶಗಳನ್ನು ಒಂದು ಕಡೆ, ಅದು ಕಂಡುಬರದ ಹೆಕ್-293 ಕೋಶಗಳನ್ನು ಇನ್ನೊಂದು ಕಡೆ ಇಟ್ಟು ನೋಡಿದಾಗ, ಎರಡೂ ಆ್ಯಂಟಿಬಾಡಿಗಳು ಹೆಪ್-ಜಿ2ರಲ್ಲಿ ಮಾತ್ರ 52 ಕಿಲೋಡಾಲ್ಟನ್ (ಅಣುತೂಕದ ಅಳತೆ) ಆಸುಪಾಸಿನಲ್ಲಿ ಸ್ಪಷ್ಟವಾದ ಪಟ್ಟಿಯನ್ನು ಕೊಟ್ಟವು. ಸಕ್ಕರೆ ಸರಪಳಿಗಳನ್ನು ಕತ್ತರಿಸುವ ಪಿಎನ್‌ಗೇಸ್-ಎಫ್ ಕಿಣ್ವವನ್ನು ಬೆರೆಸಿದಾಗ ಪಟ್ಟಿ ಕೆಳಗಿಳಿಯಿತು. ಮೂರು ಕಡೆ ಸಕ್ಕರೆ ಅಂಟಿಕೊಂಡಿರುವ ಈ ಪ್ರೋಟೀನು ಹಾಗೆ ಇಳಿಯಲೇಬೇಕು.

ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಪ್ರೋಟಿಯೇಸನ್ನು ತಡೆಯುವ ಪ್ರೋಟೀನಿನ ವಿಷಯದಲ್ಲಿ ಇದು ಸಾಲದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇದು ಕೆಲಸ ಮಾಡುವಾಗ ತನ್ನ ರೂಪವನ್ನೇ ಬದಲಿಸಿಕೊಳ್ಳುತ್ತದೆ. ಎಲಾಸ್ಟೇಸು ಇದರ 358ನೆಯ ಮೆಥಿಯೊನೀನ್ ಮತ್ತು 359ನೆಯ ಸೆರೀನ್ ಎಂಬ ಅಮೈನೊ ಆಮ್ಲಗಳ ನಡುವೆ ಕತ್ತರಿಸಲು ತೊಡಗಿದೊಡನೆ, ಕತ್ತರಿಸಿದ ತುದಿಯು ಪ್ರೋಟಿಯೇಸನ್ನು ಕಚ್ಚಿಕೊಂಡೇ ಪ್ರೋಟೀನಿನ ಇನ್ನೊಂದು ಬದಿಗೆ ಸೆಳೆದೊಯ್ಯುತ್ತದೆ. ಬೋನಿಗೆ ಬಿದ್ದ ಇಲಿಯಂತೆ ಪ್ರೋಟಿಯೇಸು ಅಲ್ಲಿಯೇ ಸಿಕ್ಕಿಬೀಳುತ್ತದೆ. ಈ ಬಂಧವು ಕೋವೇಲೆಂಟ್ (ಬಲವಾದ ರಾಸಾಯನಿಕ ಬಂಧ) ಆದ್ದರಿಂದ, ಪ್ರೋಟೀನುಗಳ ಮಡಿಕೆ ಬಿಡಿಸುವ ಡಿಟರ್ಜೆಂಟ್ ಇರುವ ಎಸ್‌ಡಿಎಸ್ ಜೆಲ್‌ನಲ್ಲಿಯೂ ಬಿಡಿಸಿಕೊಳ್ಳುವುದಿಲ್ಲ. ಹಾಗಾಗಿ ಎಲಾಸ್ಟೇಸ್ ಬೆರೆಸಿದಾಗ 52ರ ಪಟ್ಟಿ ಕ್ಷೀಣಿಸಿ ಮೇಲೆ, 75ರ ಸುತ್ತಮುತ್ತ, ಹೊಸ ಪಟ್ಟಿ ಮೂಡಬೇಕು. ಹೊಂದಿಕೆಯಾಗದ ಬೇರೊಂದು ಪ್ರೋಟೀನನ್ನು ಹಿಡಿದಿರುವ ಆ್ಯಂಟಿಬಾಡಿಯಿಂದ ಇಂತಹ ಪಲ್ಲಟ ಕಾಣಲಾರದು.

ನಾನು ಬಳಸಿದ್ದು ಹಂದಿಯ ಮೇದೋಜೀರಕ ಗ್ರಂಥಿಯ ಎಲಾಸ್ಟೇಸ್. ಅದರ ತೂಕ ಸುಮಾರು 26 ಕಿಲೋಡಾಲ್ಟನ್. ಶುದ್ಧ ಆಂಟಿಟ್ರಿಪ್ಸಿನ್ ಅಣುಗಳ ಸಂಖ್ಯೆ ಎಲಾಸ್ಟೇಸಿನ ಎರಡರಷ್ಟಿರುವಂತೆ ಬೆರೆಸಿ, ಕೋಣೆಯ ಉಷ್ಣತೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಎಲಾಸ್ಟೇಸಿನ ಕೆಲಸವನ್ನು ತಡೆಯುವ ಪಿಎಂಎಸ್‌ಎಫ್ ಹಾಕಿ ನಿಲ್ಲಿಸಿದೆ. ಪ್ರೋಟಿಯೇಸು ಹೆಚ್ಚಾದರೆ ಅದು ಉಂಟಾದ ಆಂಟಿಟ್ರಿಪ್ಸಿನ್-ಎಲಾಸ್ಟೇಸ್ ಜೋಡಿಯನ್ನೂ ಕತ್ತರಿಸತೊಡಗುತ್ತದೆಯಾದ್ದರಿಂದ ಈ ಪ್ರಮಾಣವನ್ನು ಬಿಗಿಯಾಗಿ ಪಾಲಿಸಬೇಕು. ಬಂಧವು ಎಸ್ಟರ್ ಬಗೆಯದಾದ್ದರಿಂದ ಮಾದರಿಯನ್ನು ಬಹಳ ಹೊತ್ತು ಕುದಿಸುವುದಾಗಲಿ, ಹೆಚ್ಚು ಕ್ಷಾರೀಯ ಬಫರಿನಲ್ಲಿ ಇಡುವುದಾಗಲಿ ಒಳ್ಳೆಯದಲ್ಲ. ಆಂಟಿಟ್ರಿಪ್ಸಿನ್ನಿನ ಸಂಗ್ರಹ ತಾಜಾ ಇರುವುದೂ ಮುಖ್ಯ. 358ನೆಯ ಮೆಥಿಯೊನೀನ್ ಆಕ್ಸಿಡೀಕರಣಗೊಂಡರೆ ಎಲಾಸ್ಟೇಸನ್ನು ಹಿಡಿಯುವ ಶಕ್ತಿ ಕುಂದುತ್ತದೆ.

ಮೆಂಬ್ರೇನ್ ಮೇಲೆ ಎರಡು ಆ್ಯಂಟಿಬಾಡಿಗಳು ಬೇರೆ ಬೇರೆ ಚಿತ್ರ ಕೊಟ್ಟವು. ಆಡಿನ ಪಾಲಿಕ್ಲೋನಲ್ ನಿರೀಕ್ಷಿಸಿದಂತೆ ಮೇಲೆ ಆ ಜೋಡಿಯ ಪಟ್ಟಿಯನ್ನೂ, 52ರ ಪಟ್ಟಿಯನ್ನೂ, ಅದಕ್ಕೆ ತುಸು ಕೆಳಗೆ ಕತ್ತರಿಸಲ್ಪಟ್ಟು ಜೋಡಿಯಾಗದೆ ಉಳಿದ ರೂಪದ ತೆಳು ಗೆರೆಯನ್ನೂ ತೋರಿಸಿತು. ಸಿ-ತುದಿಯ ಆ್ಯಂಟಿಬಾಡಿಯಲ್ಲಿ 52ರ ಪಟ್ಟಿ ಮಸುಕಾಯಿತು, ಮೇಲೆ ಏನೂ ಮೂಡಲಿಲ್ಲ. ಕಾರಣ ಸರಳ. ಪ್ರೋಟೀನಿನ ಉದ್ದ 394 ಅಮೈನೊ ಆಮ್ಲಗಳು. 358ರ ನಂತರ ಕತ್ತರಿಸಿದಾಗ ಕೊನೆಯ 36ರ ತುಣುಕು, ಸುಮಾರು 4 ಕಿಲೋಡಾಲ್ಟನ್ನಿನದು, ಎಸ್‌ಡಿಎಸ್‌ನಲ್ಲಿ ಬೇರ್ಪಟ್ಟು ಸಾಮಾನ್ಯ ಜೆಲ್‌ನಿಂದ ಹೊರಗೇ ಹರಿದುಹೋಗುತ್ತದೆ. ಎಲಾಸ್ಟೇಸು ಅಂಟಿಕೊಂಡಿರುವುದು ಉಳಿದ ದೊಡ್ಡ ಭಾಗಕ್ಕೆ. ಆ ಭಾಗದಲ್ಲಿ ಈ ಆ್ಯಂಟಿಬಾಡಿ ಹಿಡಿಯುವ ಗುರುತೇ ಇಲ್ಲ.

ಆದ್ದರಿಂದ ಸಿ-ತುದಿಯ ಆ್ಯಂಟಿಬಾಡಿ ಕೆಟ್ಟದ್ದೇನಲ್ಲ, ಅದು ಇನ್ನೂ ಬಳಕೆಯಾಗದ ಅಖಂಡ ಪ್ರೋಟೀನನ್ನು ಮಾತ್ರ ತೋರಿಸುತ್ತದೆ. ಉರಿಯೂತವಿರುವ ಶ್ವಾಸಕೋಶದ ದ್ರವದಂತಹ, ಎಲಾಸ್ಟೇಸ್ ಧಾರಾಳವಾಗಿರುವ ಮಾದರಿಯಲ್ಲಿ ಅದೊಂದನ್ನೇ ನಂಬಿದರೆ ಪ್ರೋಟೀನು ತಯಾರಾಗಿಯೇ ಇಲ್ಲವೆಂಬ ತೀರ್ಮಾನಕ್ಕೆ ಬರುವ ಅಪಾಯವಿದೆ. ಅಂತಹ ಕಡೆ ಎರಡನ್ನೂ ಒಟ್ಟಿಗೆ ಓದುವುದು ಸರಿ. ಆದರೆ ಒಂದರ ಸಂಖ್ಯೆಯಿಂದ ಇನ್ನೊಂದರ ಸಂಖ್ಯೆಯನ್ನು ನೇರವಾಗಿ ಕಳೆಯುವುದನ್ನು ನಾನು ಒಪ್ಪುವುದಿಲ್ಲ. ಪಾಲಿಕ್ಲೋನಲ್ ಎಲ್ಲ ರೂಪಗಳನ್ನೂ ಒಂದೇ ಬಲದಿಂದ ಹಿಡಿಯುತ್ತದೆಂಬ ಖಾತರಿ ಇರುವುದಿಲ್ಲ.

ಸ್ರವಿಸಿದ ಪ್ರೋಟೀನನ್ನು ಅಳೆಯುವಾಗ ಕೋಶಗಳನ್ನು ತೊಳೆದು ಸೀರಮ್ ಇಲ್ಲದ ಮಾಧ್ಯಮಕ್ಕೆ ಬದಲಿಸಿದೆ, ಏಕೆಂದರೆ ಕರುವಿನ ಸೀರಮ್‌ನಲ್ಲಿ ಅದರದೇ ಆಂಟಿಟ್ರಿಪ್ಸಿನ್ ಇರುತ್ತದೆ. ಜೊತೆಗೆ ಅಲ್ಲಿನ ಆಲ್ಬುಮಿನ್ 66ರಲ್ಲಿ ದಪ್ಪಗೆ ಕುಳಿತು ಕೆಳಗಿನ ಪಟ್ಟಿಯನ್ನು ವಕ್ರಗೊಳಿಸುತ್ತದೆ. ಆಡಿನ ಆ್ಯಂಟಿಬಾಡಿಗೆ ಹಾಲಿನ ಪುಡಿಯಿಂದ ಬ್ಲಾಕ್ ಮಾಡುವುದನ್ನೂ (ಮೆಂಬ್ರೇನಿನ ಖಾಲಿ ಜಾಗ ಮುಚ್ಚುವುದನ್ನೂ) ಬಿಟ್ಟೆ. ಆಡಿನ ಐಜಿಜಿಯನ್ನು (ರಕ್ತದ ಮುಖ್ಯ ಬಗೆಯ ಆ್ಯಂಟಿಬಾಡಿಯನ್ನು) ಹಿಡಿದು ಪಟ್ಟಿಯನ್ನು ತೋರಿಸುವ ಎರಡನೆಯ ಆ್ಯಂಟಿಬಾಡಿ (ಸೆಕೆಂಡರಿ), ಹಾಲಿನಲ್ಲಿರುವ ಹಸುವಿನ ಐಜಿಜಿಗೂ ಅಂಟಿಕೊಂಡು ಮೆಂಬ್ರೇನ್ ಇಡೀ ಕಪ್ಪಾಗುತ್ತದೆ. ಮೀನಿನ ಜೆಲಾಟಿನ್ ಬಳಸಿದಾಗ ಹಿನ್ನೆಲೆ ತಿಳಿಯಾಯಿತು.

342ನೆಯ ಗ್ಲುಟಮಿಕ್ ಆಮ್ಲ ಲೈಸೀನ್ ಆಗಿರುವ ಜೆಡ್ ಎಂಬ ರೂಪಾಂತರದ ವಿಷಯ ಬೇರೆ. ಅದು ಕೋಶದೊಳಗೆ ಕಟ್ಟಿಕೊಳ್ಳುವ ಪಾಲಿಮರುಗಳನ್ನು (ಒಂದಕ್ಕೊಂದು ಸೇರಿಕೊಂಡ ಅಣುಗಳ ಸರಪಳಿಗಳನ್ನು) ಎಸ್‌ಡಿಎಸ್ ಬಿಡಿಸಿಬಿಡುವುದರಿಂದ ಈ ಎರಡೂ ಆ್ಯಂಟಿಬಾಡಿಗಳಿಂದ ಸಾಮಾನ್ಯ ಬ್ಲಾಟ್‌ನಲ್ಲಿ ಅವು ಕಾಣುವುದಿಲ್ಲ. ಅದಕ್ಕೆ ಎಸ್‌ಡಿಎಸ್ ಇಲ್ಲದ ನೇಟಿವ್ ಜೆಲ್ ಬೇಕು, ಅಥವಾ ಪಾಲಿಮರನ್ನಷ್ಟೇ ಗುರುತಿಸುವ 2ಸಿ1ನಂತಹ ಮೊನೊಕ್ಲೋನಲ್ (ಒಂದೇ ಗುರುತನ್ನು ಹಿಡಿಯುವ ಆ್ಯಂಟಿಬಾಡಿ) ಬೇಕು. ಈಗ ನಾನು ಆ್ಯಂಟಿಬಾಡಿಯ ಹೊಸ ಲಾಟ್ (ತಯಾರಿಕೆಯ ಕಂತು) ಬಂದಾಗಲೆಲ್ಲ ಎಲಾಸ್ಟೇಸ್ ಬೆರೆಸಿದ ಮಾದರಿಯನ್ನೂ ಬೆರೆಸದ ಮಾದರಿಯನ್ನೂ ಪಕ್ಕಪಕ್ಕದಲ್ಲಿ ಓಡಿಸಿ, ಆ ಚಿತ್ರವನ್ನು ಲಾಟ್ ಸಂಖ್ಯೆಯೊಡನೆ ಲ್ಯಾಬ್ ಪುಸ್ತಕದಲ್ಲಿ ಅಂಟಿಸಿದ ನಂತರವೇ ಅದನ್ನು ಬಳಕೆಗೆ ಬಿಡುತ್ತೇನೆ.