ತಾರೀಖಿನ ಮೇಲಿನ ಮಸೂರ: ಒಂದು ಕೈಗಡಿಯಾರದ ಗಾಜು ಬದಲಾಯಿಸಿದ ಅನುಭವ

ಉಡುಪಿಯ ರಥಬೀದಿಗೆ ಸೇರುವ ಓಣಿಯೊಂದರಲ್ಲಿ ನಾನು ಗಡಿಯಾರ ರಿಪೇರಿಯ ಅಂಗಡಿ ನಡೆಸುತ್ತಿದ್ದೇನೆ. ಗಲ್ಫ್ ದೇಶಗಳಲ್ಲಿ ದುಡಿದು ಬಂದವರ ಮನೆಗಳು ನಮ್ಮ ಕರಾವಳಿಯಲ್ಲಿ ಬಹಳ ಇರುವುದರಿಂದ ದುಬಾರಿ ಸ್ವಿಸ್ ಕೈಗಡಿಯಾರಗಳು ನನ್ನ ಮೇಜಿಗೆ ಆಗಾಗ ಬರುತ್ತವೆ. ಅಂಬಲಪಾಡಿಯ ನಿವೃತ್ತ ಭೌತಶಾಸ್ತ್ರ ಮಾಷ್ಟ್ರೊಬ್ಬರು ಎರಡು ವರ್ಷಗಳ ಹಿಂದೆ, ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಅಂಥದ್ದೊಂದನ್ನು ತಂದರು. ದುಬೈಯಲ್ಲಿರುವ ಮಗ ಕೊಟ್ಟ ಆ ಗಡಿಯಾರದ ಗಾಜು ಒಡೆದು, ಬೇರೆ ಊರಿನ ಅಂಗಡಿಯೊಂದರಲ್ಲಿ ಹೊಸ ಗಾಜು ಹಾಕಿಸಿದ್ದರು. "ಗಾಜು ಹೊಸತೇ ಮಾರಾಯ್ರೇ, ಆದರೆ ತಾರೀಖು ಓದಲಿಕ್ಕೆ ಆಗುವುದಿಲ್ಲ" ಎಂದರು. ಅವರು ಅಂಗಳದಲ್ಲಿ ಬಿದ್ದ ಮಳೆಯನ್ನು ದಿನವೂ ಅಳೆದು ಪುಸ್ತಕದಲ್ಲಿ ಬರೆದಿಡುವವರು. ತಾರೀಖನ್ನು ನೋಡುವುದು ಈ ಗಡಿಯಾರದಲ್ಲೇ.

ಗಾಜಿನ ಮೇಲೆ ಮಸೂರವೇನೋ ಇತ್ತು. ಲೂಪಿನಡಿಯಲ್ಲಿ (ನಾವು ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ) ಅಳೆದಾಗ 1.2 ಮಿ.ಮೀ. ಎತ್ತರದ ಅಂಕಿ ಅದರೊಳಗೆ ಸುಮಾರು 1.8 ಮಿ.ಮೀ. ಕಾಣುತ್ತಿತ್ತು, ಅಂದರೆ ಒಂದೂವರೆ ಪಟ್ಟು ಮಾತ್ರ. ಅದೂ ನಡುವಿನಲ್ಲಿರದೆ ಒಂದು ಬದಿಗೆ ಸರಿದಿತ್ತು.

ತಾರೀಖಿನ ಮೇಲೆ ಹೀಗೆ ಮಸೂರ ಇಡುವ ಕ್ರಮವನ್ನು ಜನಪ್ರಿಯಗೊಳಿಸಿದ್ದು ರೋಲೆಕ್ಸ್. ಕಿಟಕಿಯಲ್ಲಿ ತಾರೀಖು ತಾನಾಗಿ ಬದಲಾಗುವ ಡೇಟ್‌ಜಸ್ಟ್ ಮಾದರಿ 1945ರಲ್ಲಿ ಬಂದಿತು. ಅದರ ಗಾಜಿನ ಮೇಲಿನ ಮಸೂರ ಬಂದದ್ದು 1950ರ ದಶಕದ ಆರಂಭದಲ್ಲಿ. ಗ್ರೀಕ್ ಪುರಾಣದ ಒಕ್ಕಣ್ಣ ದೈತ್ಯನ ಹೆಸರಿನಿಂದ ಅದನ್ನು ಸೈಕ್ಲಾಪ್ಸ್ ಎಂದು ಕರೆದರು. ಆಗಿನ ಅಕ್ರಿಲಿಕ್ ಗಾಜಿನಲ್ಲಿ ಮಸೂರವೂ ಗಾಜೂ ಒಂದೇ ತುಂಡಾಗಿದ್ದವು. ಸಫೈರ್ ಗಾಜು, ಅಂದರೆ ಕೃತಕ ನೀಲಮಣಿಯ ಹರಳಿನ ಗಟ್ಟಿ ಗಾಜು, ಬಂದ ಮೇಲೆ ಮಸೂರವನ್ನು ಬೇರೆಯಾಗಿ ಮಾಡಿ ಅಂಟಿಸುವ ಪದ್ಧತಿ ಬಂದಿತು. ಅಂಟಿಸಿದ ತುಂಡು ಎಂಬ ಕಾರಣಕ್ಕೇ ನಮ್ಮಂಥವರ ಕೈಯಲ್ಲಿ ಅದು ಸರಿಯಾಗಲೂಬಹುದು, ಕೆಡಲೂಬಹುದು.

ನಾನು ಬಹುಕಾಲ ನಂಬಿದ್ದು ಇಷ್ಟೇ: ಎರಡೂವರೆ ಪಟ್ಟಿನ ಮಸೂರವೆಂದು ಹೇಳಿ ತರಿಸಿದರೆ ಅದು ಯಾವ ಗಡಿಯಾರದ ಮೇಲೂ ಎರಡೂವರೆ ಪಟ್ಟು ತೋರಿಸುತ್ತದೆ. ಮಾಷ್ಟ್ರು ಆ ನಂಬಿಕೆಯನ್ನು ನನ್ನ ರಶೀದಿಯ ಬೆನ್ನಿನ ಮೇಲೆ ಎರಡು ಸಾಲಿನ ಲೆಕ್ಕದಿಂದ ತಿದ್ದಿದರು. ಮಸೂರದಿಂದ ತಾರೀಖಿಗೆ ಇರುವ ದೂರವನ್ನು ಮಸೂರದ ಸಂಗಮ ದೂರದಿಂದ (ಸಮಾನಾಂತರವಾಗಿ ಬಂದ ಬೆಳಕನ್ನು ಮಸೂರ ಒಂದು ಬಿಂದುವಿಗೆ ಸೇರಿಸುವ ದೂರ) ಭಾಗಿಸಬೇಕು. ಬಂದದ್ದನ್ನು ಒಂದರಿಂದ ಕಳೆಯಬೇಕು. ಉಳಿದದ್ದರಿಂದ ಒಂದನ್ನು ಭಾಗಿಸಿದರೆ ವರ್ಧನೆ ಸಿಗುತ್ತದೆ. ಆದ್ದರಿಂದ ವರ್ಧನೆಯು ಮಸೂರವೊಂದರದೇ ಗುಣವಲ್ಲ, ಅದರ ಕೆಳಗಿರುವ ಅಂತರದ ಗುಣವೂ ಹೌದು.

ಗಾಜನ್ನು ತೆಗೆದು ಆಳದ ಗೇಜಿನಿಂದ ಅಳೆದೆ. ಗಾಜಿನ ಒಳಮೈಯಿಂದ ತಾರೀಖಿನ ಚಕ್ರಕ್ಕೆ 2.0 ಮಿ.ಮೀ. ಇತ್ತು, ಈ ಅಂತರದಲ್ಲೇ ಮೂರು ಮುಳ್ಳುಗಳೂ ಡಯಲಿನ ದಪ್ಪವೂ ಸೇರಿದ್ದವು. ಹಾಕಬೇಕೆಂದಿದ್ದ ಸಫೈರ್ ಗಾಜು 1.6 ಮಿ.ಮೀ., ಅದರ ಮೇಲಿನ ಮಸೂರ ನಡುವಿನಲ್ಲಿ 1.2 ಮಿ.ಮೀ., ಒಟ್ಟು 2.8 ಮಿ.ಮೀ. ಸಫೈರ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ) ಸುಮಾರು 1.77 ಆದ್ದರಿಂದ, ಬೆಳಕಿನ ಲೆಕ್ಕದಲ್ಲಿ ಆ 2.8 ಮಿ.ಮೀ. ದಪ್ಪವು 1.58 ಮಿ.ಮೀ. ಗಾಳಿಗೆ ಸಮ. ಎರಡೂ ಸೇರಿ 3.58 ಮಿ.ಮೀ. ಎರಡೂವರೆ ಪಟ್ಟು ಬೇಕಾದರೆ ಸಂಗಮ ದೂರ ಸುಮಾರು 6 ಮಿ.ಮೀ. ಇರಬೇಕು, ಅದಕ್ಕೆ ಮಸೂರದ ಉಬ್ಬಿನ ವಕ್ರತಾ ತ್ರಿಜ್ಯ ಸುಮಾರು 4.6 ಮಿ.ಮೀ. ಇದೇ ಮಸೂರವನ್ನು ಅರ್ಧ ಮಿಲಿಮೀಟರ್ ತೆಳುವಾದ ಗಡಿಯಾರದ ಮೇಲೆ ಅಂಟಿಸಿದರೆ ವರ್ಧನೆ 2.1ಕ್ಕೆ ಇಳಿಯುತ್ತದೆ, ಅರ್ಧ ಮಿಲಿಮೀಟರ್ ಹೆಚ್ಚು ದಪ್ಪದ ಗಡಿಯಾರದ ಮೇಲೆ 3.1ನ್ನು ದಾಟುತ್ತದೆ. ಅರ್ಧ ಮಿಲಿಮೀಟರ್ ಇಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆಂದು ನಾನು ಎಣಿಸಿರಲಿಲ್ಲ.

ಹಾಗಾದರೆ ಇನ್ನೂ ಹೆಚ್ಚು ಉಬ್ಬಿದ ಮಸೂರ ಹಾಕಿ ಮೂರು ಪಟ್ಟು ಮಾಡಬಾರದೇಕೆ ಎಂದು ಗಿರಾಕಿಗಳು ಕೇಳುವುದುಂಟು. ಅಂಕಿ ಹಿಗ್ಗಿದಷ್ಟೂ ಮಸೂರದೊಳಗೆ ಹಿಡಿಯುವ ಜಾಗ ಕುಗ್ಗುತ್ತದೆ. ಕೈಯನ್ನು ಓದುವ ದೂರದಲ್ಲಿ ಹಿಡಿದಾಗ 6 ಮಿ.ಮೀ. ಅಗಲದ ಮಸೂರವು ಎರಡೂವರೆ ಪಟ್ಟಿನಲ್ಲಿ ಡಯಲಿನ 2.4 ಮಿ.ಮೀ. ಅಗಲವನ್ನಷ್ಟೇ ತೋರಿಸುತ್ತದೆ, ಮೂರು ಪಟ್ಟಿನಲ್ಲಿ 2 ಮಿ.ಮೀ. ಮಾತ್ರ. ಮಾಷ್ಟ್ರ ಗಡಿಯಾರದ ಕಿಟಕಿ 2.2 ಮಿ.ಮೀ. ಇತ್ತು. ಮೂರು ಪಟ್ಟು ಮಾಡಿದ್ದರೆ ಕಿಟಕಿಯ ಎರಡೂ ಅಂಚು ಮರೆಯಾಗಿ, 28 ಅಥವಾ 30 ಎಂಬ ಅಗಲದ ಅಂಕಿಗಳು ಮಸೂರದ ಬದಿಗೆ ತಾಗಿ ವಿಕಾರವಾಗುತ್ತಿದ್ದವು. ನನ್ನ ಅಭಿಪ್ರಾಯದಲ್ಲಿ ಎರಡೂವರೆ ಎಂಬ ಅಳತೆಯು ದೊಡ್ಡದಾಗಿ ಕಾಣಬೇಕೆಂಬ ಆಸೆಗೂ ಪೂರ್ತಿಯಾಗಿ ಕಾಣಬೇಕೆಂಬ ಅಗತ್ಯಕ್ಕೂ ನಡುವೆ ನಿಂತ ಒಳ್ಳೆಯ ಅಳತೆ.

ಸಾಮಾನ್ಯ ಖನಿಜ ಗಾಜಿನಲ್ಲೇ ಇದನ್ನು ಮಾಡಬಹುದಿತ್ತೇ ಎಂಬುದನ್ನೂ ಲೆಕ್ಕ ಹಾಕಿ ನೋಡಿದೆವು. ಅದರ ಸೂಚ್ಯಂಕ ಸುಮಾರು 1.52. ಅದೇ ವರ್ಧನೆಗೆ ತ್ರಿಜ್ಯ 3.3 ಮಿ.ಮೀ.ಗೆ ಇಳಿಯುತ್ತದೆ; 6 ಮಿ.ಮೀ. ಅಗಲದ ತುಂಡು ಸುಮಾರು 1.9 ಮಿ.ಮೀ. ಉಬ್ಬಿ, ಗಾಜಿನ ಮೇಲೆ ಗುಳ್ಳೆಯಂತೆ ನಿಂತು, ಅಂಗಿಯ ತೋಳಿಗೆ ಸಿಕ್ಕಿಕೊಳ್ಳುತ್ತಿತ್ತು. ಸಫೈರ್‌ನಲ್ಲಿ ಆ ಉಬ್ಬು ಸುಮಾರು 1.1 ಮಿ.ಮೀ. ಸಾಕು. ಹಿಂದಿನ ಅಂಗಡಿಯವರು ಹಾಕಿದ್ದ ಖನಿಜ ಗಾಜಿನ ಮಸೂರ ಏಕೆ ಅಷ್ಟು ಚಪ್ಪಟೆಯಾಗಿತ್ತು, ಏಕೆ ಅಷ್ಟು ಕಡಿಮೆ ತೋರಿಸುತ್ತಿತ್ತು ಎಂಬುದು ನನಗೆ ಇಲ್ಲಿ ಅರ್ಥವಾಯಿತು.

ಎರಡೂವರೆ ಎಂದು ಹೆಸರಿಟ್ಟು ಮಾರುವ ಮೂರು ಬಗೆಯ ಮಸೂರಗಳನ್ನು ತರಿಸಿದೆ. ಅಂಟಿಸುವ ಮೊದಲು ಪರೀಕ್ಷಿಸಲು ಉಕ್ಕಿನ ಅಳತೆಪಟ್ಟಿಯ ಮೇಲೆ ಫೀಲರ್ ಗೇಜಿನ, ಅಂದರೆ ದಪ್ಪವನ್ನು ಗುರುತು ಹಾಕಿದ, ತೆಳು ತಗಡುಗಳನ್ನು 2.0 ಮಿ.ಮೀ. ಆಗುವಂತೆ ಜೋಡಿಸಿ, ಅವುಗಳ ಮೇಲೆ ಹೊಸ ಗಾಜನ್ನಿಟ್ಟು, ಮಸೂರವನ್ನು ಒಂದು ಹನಿ ಗ್ಲಿಸರಿನ್‌ನಿಂದ ಕೂರಿಸಿದೆ. ಗ್ಲಿಸರಿನ್ ಅಂಟಿನ ಜಾಗವನ್ನು ತುಂಬುತ್ತದೆ, ಒರೆಸಿದರೆ ಹೋಗುತ್ತದೆ. ಒಂದಡಿ ಎತ್ತರದಿಂದ ಮೊಬೈಲಿನಲ್ಲಿ ಚಿತ್ರ ತೆಗೆದು, ಮಸೂರದೊಳಗಿನ ಗೆರೆಗಳ ಅಂತರವನ್ನು ಹೊರಗಿನವುಗಳೊಂದಿಗೆ ಹೋಲಿಸಿದೆ. ಒಂದು 2.1 ತೋರಿಸಿತು, ಇನ್ನೊಂದರ ಅಂಚಿನಲ್ಲಿ ಗೆರೆಗಳು ಬಾಗುತ್ತಿದ್ದವು, ಮೂರನೆಯದು ಹತ್ತಿರ ಹತ್ತಿರ 2.5 ಕೊಟ್ಟಿತು.

ನಿಜವಾದ ಕಷ್ಟ ಇದ್ದದ್ದು ಕೂರಿಸುವುದರಲ್ಲಿ. ಮಸೂರವು 0.3 ಮಿ.ಮೀ. ಜರುಗಿದರೂ ಅಂಕಿಯು ಮಸೂರದ ನಡುವಿನಿಂದ 0.75 ಮಿ.ಮೀ. ದೂರ ಕಾಣುತ್ತದೆ, ಏಕೆಂದರೆ ತಪ್ಪೂ ಎರಡೂವರೆ ಪಟ್ಟು ಹಿಗ್ಗುತ್ತದೆ. ತಾರೀಖು ಡಯಲಿನ ಕೇಂದ್ರದಿಂದ ಸುಮಾರು 10 ಮಿ.ಮೀ. ದೂರವಿರುವಾಗ, ಗಾಜನ್ನು ಒತ್ತುವ ಹೊತ್ತಿಗೆ ಅದು ಎರಡು ಡಿಗ್ರಿಯಷ್ಟೇ ತಿರುಗಿದರೂ ಇಷ್ಟು ತಪ್ಪಾಗಲು ಸಾಕು. ಮೊದಲೇ ಮಸೂರ ಅಂಟಿಸಿದ ಗಾಜನ್ನು ಗ್ಯಾಸ್ಕೆಟಿನ (ಗಾಜಿನ ಅಂಚಿನಲ್ಲಿ ನೀರು ತಡೆಯುವ ಉಂಗುರ) ಮೇಲಿಟ್ಟು ಒತ್ತುವಾಗ ಎರಡು ಡಿಗ್ರಿ ತಿರುಗದಂತೆ ನೋಡಿಕೊಳ್ಳುವುದು ನನ್ನ ಕೈಗೆ ಸಾಧ್ಯವಾಗಲಿಲ್ಲ. ಹಳೆಯ ಗಾಜಿನಲ್ಲಿ ಎರಡು ಸಲ ಪ್ರಯತ್ನಿಸಿ ನೋಡಿದ್ದೇನೆ. ಆದ್ದರಿಂದ ಬರಿಯ ಗಾಜನ್ನು ಮೊದಲು ಒತ್ತಿ, ಯಂತ್ರವನ್ನೂ ಡಯಲನ್ನೂ ಒಳಗೆ ಸೇರಿಸಿ, ತಾರೀಖನ್ನು 11ಕ್ಕೆ ತಿರುಗಿಸಿ, ಕೊನೆಗೆ ಮಸೂರವನ್ನು ಕೂರಿಸಿದೆ. 11ನ್ನು ಆರಿಸಿದ್ದು ಅದರ ಎರಡು ನೇರ ಗೆರೆಗಳು ಎಡಬಲ ಸಮವಾಗಿವೆಯೇ ಎಂಬುದನ್ನು ಕಣ್ಣು ಕೂಡಲೇ ಹೇಳುತ್ತದೆಂಬ ಕಾರಣಕ್ಕೆ. ತಾರೀಖಿನ ಚಕ್ರವು ಎಲ್ಲ ಅಂಕಿಗಳನ್ನೂ ಒಂದೇ ಜಾಗದಲ್ಲಿ ನಿಲ್ಲಿಸುವುದಿಲ್ಲ. 8, 20, 31ನ್ನೂ ತಿರುಗಿಸಿ ನೋಡಿ ಮಧ್ಯದ ಜಾಗವನ್ನು ಹಿಡಿದೆ.

ಅಂಟು ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಬಗೆಯದು. ಗಾಜಿನ ಮೈಯನ್ನು ಅಸಿಟೋನ್‌ನಲ್ಲಿ ನೆನೆಸಿದ ಬಟ್ಟೆಯ ತುದಿಯಿಂದ ಒರೆಸಿ, ಅದು ಗ್ಯಾಸ್ಕೆಟಿಗೆ ತಾಗದಂತೆ ನೋಡಿಕೊಂಡೆ. ಅಂಟಿನ ಹನಿಯೊಳಗೆ ಗಾಳಿ ಉಳಿದರೆ ಅಲ್ಲಿ ಬೆಳ್ಳಿಯಂಥ ಚುಕ್ಕೆ ಮೂಡುತ್ತದೆ: ಸಫೈರ್ ಗಾಳಿಗೆ ತೆರೆದುಕೊಂಡ ಪ್ರತಿ ಮೈಯಲ್ಲೂ ಬಿದ್ದ ಬೆಳಕಿನ ಸುಮಾರು ನೂರಕ್ಕೆ ಎಂಟು ಭಾಗ ಪ್ರತಿಫಲಿಸುತ್ತದೆ, ಅಂಟು ತುಂಬಿದ ಕಡೆ ಒಂದು ಭಾಗವೂ ಇಲ್ಲ. ಮೊದಲ ಸಲ ಅಂಥದ್ದೊಂದು ಚುಕ್ಕೆ ಕಂಡಿತು. ಅಂಟು ಇನ್ನೂ ಹಸಿಯಾಗಿದ್ದುದರಿಂದ ಮಸೂರವನ್ನು ಎತ್ತಿ, ಒರೆಸಿ, ಮತ್ತೆ ಒಂದು ಅಂಚಿನಿಂದ ನಿಧಾನವಾಗಿ ಇಳಿಸಿದೆ. ಡಯಲಿನ ಉಳಿದ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಕೆಲವೇ ಸೆಕೆಂಡು ಬೆಳಕು ಕೊಟ್ಟು, ಅಂಚಿಗೆ ಹೊರಬಂದ ಅಂಟನ್ನು ಒರೆಸಿ, ಅನಂತರ ಪೂರ್ತಿ ಗಟ್ಟಿ ಮಾಡಿದೆ.

ಮೇಲೆ ಉಬ್ಬು ಬೇಡವೆನ್ನುವವರಿಗೆ ಬೇರೆ ದಾರಿಯೂ ಇದೆ. ಪನೆರಾಯಿ ಎಂಬ ಗಡಿಯಾರ ಕಂಪನಿಯ ಕೆಲವು ಮಾದರಿಗಳಲ್ಲಿ ಮಸೂರ ಗಾಜಿನ ಒಳಮೈಯಲ್ಲಿದೆ. ರೋಲೆಕ್ಸ್‌ನದೇ ಆಳ ಸಮುದ್ರದ ಸೀ-ಡ್ವೆಲರ್ 1967ರಿಂದ ಮಸೂರವಿಲ್ಲದೆಯೇ ಬಂದು, 2017ರಲ್ಲಷ್ಟೇ ಅದನ್ನು ಪಡೆಯಿತು. ಆದರೆ ಮಾಷ್ಟ್ರಿಗೆ ಬೇಕಿದ್ದುದು ಮೊದಲಿದ್ದಂಥದ್ದೇ.

ಅವರು ಗಡಿಯಾರವನ್ನು ಬಾಗಿಲ ಬಳಿ ಬೆಳಕಿಗೆ ಹಿಡಿದು, ಕನ್ನಡಕವನ್ನು ತೆಗೆದು, ತಾರೀಖನ್ನು ಗಟ್ಟಿಯಾಗಿ ಓದಿದರು. ಆ ವರ್ಷದ ಮಳೆ ಮುಗಿದ ಮೇಲೆ ಮತ್ತೊಮ್ಮೆ ತಂದಾಗ ನೋಡಿದೆ: ಅಂಟು ಗಟ್ಟಿಯಾಗಿಯೇ ಇತ್ತು, ಮಸೂರದ ಬುಡದ ಸುತ್ತ ಮಾತ್ರ ಬೆವರಿನ ಮಣ್ಣು ಗೆರೆಗಟ್ಟಿತ್ತು. ಮೆತ್ತನೆಯ ಬ್ರಶ್‌ನಿಂದ ಅದನ್ನು ತೆಗೆಯುವ ಕ್ರಮವನ್ನು ತೋರಿಸಿಕೊಟ್ಟೆ.